ಗಂಡಿಗೆ ಬಿಡುವುದೋ, ಕೃತಕ ಗರ್ಭಧಾರಣೆಯೋ? ಮೊಲ ಸಾಕುವವರಿಗೆ ಒಂದು ಹೋಲಿಕೆ

“ಹತ್ತು ಹೆಣ್ಣು ಬಿಟ್ರೆ ನಾಲ್ಕೂ ಗಬ್ಬ ನಿಲ್ತಿಲ್ಲ. ವೀರ್ಯ ಕೆಟ್ಟಿದೆ ಅನ್ಸುತ್ತೆ. ಹಸುಗೆ ಮಾಡ್ಸೋ ಹಾಗೆ ಮೊಲಕ್ಕೂ ಇಂಜೆಕ್ಷನ್ ಮಾಡ್ಸಿದ್ರೆ ಹೇಗೆ?”

ಮುಂಗಾರು ಕಾಲಿಡುವ ಹೊತ್ತಿಗೆ ಮೊಲ ಸಾಕುವವರ ಬಾಯಲ್ಲಿ ಈ ಮಾತು ಜಾಸ್ತಿ. ಕಾಲ ಗಮನಿಸಿ: ಬಿಸಿಲು ಇಳಿದಿದೆ, ಶೆಡ್ಡು ತಂಪಾಗಿದೆ, ಮೊಲಗಳು ಮತ್ತೆ ಹೊಟ್ಟೆ ತುಂಬಾ ತಿನ್ನುತ್ತಿವೆ. ಆದರೂ ಗಬ್ಬ ನಿಲ್ಲುತ್ತಿಲ್ಲ. ಗಂಡು ಮೊಲದ ವೃಷಣದಲ್ಲಿ ಒಂದು ವೀರ್ಯಾಣು ಹುಟ್ಟಿ, ಬಲಿತು, ಹೊರಬರುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ತಿಂಗಳು ಕಳೆದಿರುತ್ತದೆ. ಏಪ್ರಿಲ್ ಕೊನೆಯ ಬಿಸಿಲಿಗೆ ಕೆಟ್ಟದ್ದು ಜೂನ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ.

ಕೃತಕ ಗರ್ಭಧಾರಣೆಗೂ ವೀರ್ಯ ತೆಗೆಯಬೇಕಾದದ್ದು ಅದೇ ಗಂಡಿನಿಂದ. ಗಂಡೇ ಬಸವಳಿದಿದ್ದರೆ ವಿಧಾನ ಬದಲಿಸಿ ಪ್ರಯೋಜನವಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಐವತ್ತಕ್ಕಿಂತ ಕಡಿಮೆ ಹೆಣ್ಣು ಇರುವವರು ಗಂಡಿಗೆ ಬಿಡುವುದನ್ನೇ ಸರಿಯಾಗಿ ಮಾಡಲಿ. ಖರ್ಚು ಮಾಡಲು ದುಡ್ಡಿದ್ದರೆ ಮೈಕ್ರೋಸ್ಕೋಪಿಗಿಂತ ಮೊದಲು ಶೆಡ್ಡಿನ ಚಾವಣಿಗೆ ಹಾಕಲಿ. ಯಾಕೆ ಎಂಬುದು ಮುಂದಿದೆ.

ಹಸುವಿನ ಲೆಕ್ಕ ಮೊಲಕ್ಕೆ ನಡೆಯುವುದಿಲ್ಲ

ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅಂಡ ತಾನಾಗಿ ಬಿಡುಗಡೆಯಾಗುತ್ತದೆ. ಸಮಯ ನೋಡಿ ವೀರ್ಯ ಹಾಕಿದರಾಯಿತು. ಮೊಲದಲ್ಲಿ ಹಾಗೆ ದಿನ ಎಣಿಸುವ ಬೆದೆ ಇಲ್ಲ. ಗಂಡಿನ ಜೊತೆ ಕೂಡಿದ ಪ್ರಚೋದನೆಯಿಂದಲೇ ಅಂಡ ಬಿಡುಗಡೆಯಾಗಬೇಕು. ಕೂಡಿದ ಹತ್ತರಿಂದ ಹನ್ನೆರಡು ಗಂಟೆಯ ಮೇಲೆ ಅದು ನಡೆಯುತ್ತದೆ. ಈ ತಡವೂ ವ್ಯರ್ಥವಲ್ಲ. ವೀರ್ಯಾಣು ಹೆಣ್ಣಿನ ಗರ್ಭನಾಳದಲ್ಲಿ ಕೆಲವು ಗಂಟೆ ಕಳೆದ ಮೇಲೆಯೇ ಅಂಡವನ್ನು ಹೊಗುವ ಶಕ್ತಿ ಪಡೆಯುತ್ತದೆ. 1951ರಲ್ಲಿ ಅಮೆರಿಕದಲ್ಲಿ ಎಂ. ಸಿ. ಚಾಂಗ್, ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಚಾಂಗ್ ಅದಕ್ಕೆ ಬಳಸಿದ್ದು ಮೊಲವನ್ನೇ. 1959ರಲ್ಲಿ ಅವರು ಪ್ರನಾಳದಲ್ಲಿ ಫಲಗೊಳಿಸಿ ಮರಿ ಪಡೆದದ್ದೂ ಮೊಲದಲ್ಲಿಯೇ. ಇವತ್ತು ಮನುಷ್ಯರ ಐವಿಎಫ್ ಕೇಂದ್ರಗಳಲ್ಲಿ ನಡೆಯುವ ಕೆಲಸಕ್ಕೆ ಈ ಪ್ರಾಣಿಯ ಋಣವಿದೆ.

ಇದರಿಂದ ನಮಗೆ ಬೇಕಾದ ತಿಳಿವಳಿಕೆ ಇಷ್ಟು. ಕೃತಕ ಗರ್ಭಧಾರಣೆಯಲ್ಲಿ ಗಂಡಿನ ಪ್ರಚೋದನೆ ಇರುವುದಿಲ್ಲ. ಆ ಕೆಲಸಕ್ಕೆ ಹಾರ್ಮೋನ್ ಚುಚ್ಚುಮದ್ದು ಬೇಕೇ ಬೇಕು. ವೀರ್ಯ ಎಷ್ಟೇ ಚೆನ್ನಾಗಿರಲಿ, ಚುಚ್ಚುಮದ್ದು ತಪ್ಪಿದರೆ ಅಂಡವೇ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಎರಡೂ ದಾರಿಯವರು ನೆನಪಿಡಬೇಕು. ಅಂಡ ಬಿಡುಗಡೆಯಾಗಿ ವೀರ್ಯ ಕೈಕೊಟ್ಟರೆ ಹೆಣ್ಣಿಗೆ ಹುಸಿ ಗಬ್ಬ. 16ರಿಂದ 18 ದಿನ ಅದು ಗಬ್ಬದ ಮೊಲದ ಹಾಗೆಯೇ ಇರುತ್ತದೆ, ಕೊನೆಯಲ್ಲಿ ಎದೆಯ ಕೂದಲು ಕಿತ್ತು ಗೂಡು ಸಹ ಮಾಡುತ್ತದೆ, ಅಷ್ಟರವರೆಗೆ ಮತ್ತೆ ಗಂಡಿಗೆ ಒಪ್ಪುವುದಿಲ್ಲ. ಗಬ್ಬದ ಅವಧಿಯೇ 31 ದಿನದ ಆಸುಪಾಸು. ಅಂದರೆ ಒಂದು ಸಲ ತಪ್ಪಿದರೆ ಅರ್ಧಕ್ಕಿಂತ ಹೆಚ್ಚು ಗಬ್ಬದ ಕಾಲ ಕೈತಪ್ಪಿತು. ಅಷ್ಟು ದಿನದ ಫೀಡು, ಕೇಜು, ಆಳಿನ ಖರ್ಚು ಯಥಾಪ್ರಕಾರ ನಡೆದೇ ಇರುತ್ತದೆ.

ಗಂಡಿಗೆ ಬಿಡುವುದು

ಯಾವಾಗಲೂ ಹೆಣ್ಣನ್ನು ಗಂಡಿನ ಕೇಜಿಗೆ ಒಯ್ಯಬೇಕು. ಗಂಡನ್ನು ಹೆಣ್ಣಿನ ಕೇಜಿಗೆ ಬಿಟ್ಟರೆ ಅದು ಮೂಲೆ ಮೂಲೆ ಮೂಸುತ್ತಾ ಕೂರುತ್ತದೆ, ಹೆಣ್ಣು ತನ್ನ ಜಾಗ ಕಾಯಲು ಕಚ್ಚುತ್ತದೆ. ಒಯ್ಯುವ ಮುಂಚೆ ಹೆಣ್ಣಿನ ಯೋನಿಯ ಬಣ್ಣ ನೋಡಿ. ಬಿಳಿಚಿಕೊಂಡು ಒಣಗಿದ್ದರೆ ಸುಮ್ಮನೆ ವಾಪಸ್ ಇಡಿ. ಕೆಂಪಾಗಿ, ಊದಿ, ತೇವವಾಗಿದ್ದರೆ ಬಿಡಿ. ಒಪ್ಪುವ ಹೆಣ್ಣು ಮೈ ಚಾಚಿ ಹಿಂಭಾಗ ಎತ್ತುತ್ತದೆ. ಚುರುಕಾದ ಗಂಡು ಬಹಳ ಹೊತ್ತು ತಗೊಳ್ಳುವುದಿಲ್ಲ: ಹತ್ತಿ, ಕೆಲವೇ ಕ್ಷಣದಲ್ಲಿ ಸಣ್ಣಗೆ ಕೀರಲು ಧ್ವನಿ ಮಾಡಿ ಪಕ್ಕಕ್ಕೆ ದೊಪ್ಪನೆ ಬೀಳುತ್ತದೆ. ಬಿದ್ದರೆ ಮಾತ್ರ ಕೆಲಸ ಆಯಿತೆಂದು ಲೆಕ್ಕ. ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಿದ್ದರೆ ಆಗಿಲ್ಲ. ರಾತ್ರಿಯೆಲ್ಲ ಒಂದೇ ಕೇಜಿನಲ್ಲಿ ಬಿಟ್ಟು ಬೆಳಿಗ್ಗೆ ‘ಆಗಿರುತ್ತೆ’ ಎಂದು ದಿನಾಂಕ ಬರೆಯುವ ಅಭ್ಯಾಸ ಹಲವರಿಗಿದೆ. ಆ ದಾಖಲೆಯಿಂದ ಏನೂ ತಿಳಿಯುವುದಿಲ್ಲ.

ಈ ವಿಧಾನದ ದೊಡ್ಡ ಗುಣ, ಹೆಣ್ಣಿನ ಒಪ್ಪಿಗೆಯೇ ಒಂದು ಪರೀಕ್ಷೆ. ಒಪ್ಪದ ಹೆಣ್ಣಿನ ಮೇಲೆ ವೀರ್ಯ ದಂಡವಾಗುವುದಿಲ್ಲ. ಹಾರ್ಮೋನ್ ಬೇಡ, ಸಲಕರಣೆ ಬೇಡ. ಒಂದು ಸಲ ಬೀಳುವ ವೀರ್ಯದಲ್ಲಿ ಗಬ್ಬ ನಿಲ್ಲಲು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವೀರ್ಯಾಣು ಇರುತ್ತವೆ. ಹಾಗಾಗಿ ಗಂಡು ಸಾಧಾರಣ ಮಟ್ಟದ್ದಾಗಿದ್ದರೂ ನಡೆದುಹೋಗುತ್ತದೆ.

ಕೊರತೆ ಎರಡು. ಒಂದು, ಕಾಯಿಲೆ. ಮೊಲದ ಸಿಫಿಲಿಸ್ ಎನ್ನುವ, ಯೋನಿ ಮತ್ತು ಮೂತಿಯ ಮೇಲೆ ಹಕ್ಕಳೆ ಕಟ್ಟುವ ರೋಗ ಮುಖ್ಯವಾಗಿ ಕೂಡುವುದರಿಂದ ಹರಡುತ್ತದೆ. ಒಂದು ಗಂಡಿಗೆ ಅಂಟಿದರೆ ಇಡೀ ಶೆಡ್ಡಿಗೆ ಅಂಟಿದ ಹಾಗೆ. ಗಂಡಿಗೆ ಬಿಡುವ ಪ್ರತಿ ಸಲವೂ ಎರಡನ್ನೂ ತಿರುಗಿಸಿ ನೋಡಬೇಕು ಅನ್ನುವುದು ಇದಕ್ಕೇ. ಎರಡನೆಯದು, ಒಂದೇ ದಿನ ನಲವತ್ತು ಹೆಣ್ಣಿಗೆ ಗಬ್ಬ ಕಟ್ಟಿಸಲು ಆಗುವುದಿಲ್ಲ. ಒಂದೇ ವಯಸ್ಸಿನ ನೂರಾರು ಮರಿ ಒಟ್ಟಿಗೆ ಬೇಕಾದವರಿಗೆ ಇದು ತೊಡಕು.

ಕೃತಕ ಗರ್ಭಧಾರಣೆ

ಇಟಲಿ, ಸ್ಪೇನ್, ಫ್ರಾನ್ಸ್‌ಗಳ ದೊಡ್ಡ ಫಾರ್ಮುಗಳು ಈ ದಾರಿ ಹಿಡಿದದ್ದು ವೀರ್ಯದ ಗುಣಮಟ್ಟ ಹೆಚ್ಚಿಸಲು ಅಂತ ಹಲವರು ತಿಳಿದಿದ್ದಾರೆ. ಅಲ್ಲಿ ಅದನ್ನು ಮುಖ್ಯವಾಗಿ ಎಳೆದು ತಂದದ್ದು ಕೂಲಿಯ ಲೆಕ್ಕ. ಇಡೀ ಶೆಡ್ಡಿಗೆ ಒಂದೇ ದಿನ ಗರ್ಭಧಾರಣೆ, ಒಂದೇ ವಾರ ಹೆರಿಗೆ, ಒಂದೇ ದಿನ ಮಾರಾಟ, ಖಾಲಿ ಶೆಡ್ಡು ತೊಳೆದು ಮತ್ತೆ ಶುರು. ಮರಿ ಹಾಕಿದ 11ನೇ ದಿನಕ್ಕೆ ಮತ್ತೆ ಗರ್ಭಧಾರಣೆ ಮಾಡಿದರೆ 31ಕ್ಕೆ 11 ಸೇರಿ 42 ದಿನದ ಸುತ್ತು. ಸರಿಯಾಗಿ ಆರು ವಾರ, ಯಾವ ಕೆಲಸ ಯಾವ ವಾರದ ದಿನಕ್ಕೆ ಬೀಳುತ್ತದೆ ಎಂಬುದು ಮುಂಚೆಯೇ ಗೊತ್ತು. ಭಾನುವಾರ ರಜೆ ಸಿಗುತ್ತದೆ ಅನ್ನುವುದೂ ಅಲ್ಲಿಯವರಿಗೆ ಸಣ್ಣ ಲಾಭವಲ್ಲ.

ಕೆಲಸ ಹೀಗೆ ನಡೆಯುತ್ತದೆ. ಬಿಸಿನೀರು ತುಂಬಿದ ಸಣ್ಣ ರಬ್ಬರ್ ಕೊಳವೆಯೇ ಕೃತಕ ಯೋನಿ. ಗಂಡು ಒಳಹೊಕ್ಕಾಗ ಒಳಮೈ ಸುಮಾರು 42 ಡಿಗ್ರಿ ಇರಬೇಕು. ತಣ್ಣಗಾದರೆ ಗಂಡು ಮುಖ ತಿರುಗಿಸುತ್ತದೆ, ಬಿಸಿ ಜಾಸ್ತಿಯಾದರೆ ಮುಂದಿನ ಸಲ ಹತ್ತಿರವೇ ಬರುವುದಿಲ್ಲ. ಒಂದು ಹೆಣ್ಣನ್ನು ಮುಂದೆ ಹಿಡಿದರೆ ಪಳಗಿದ ಗಂಡು ಕ್ಷಣಾರ್ಧದಲ್ಲಿ ವೀರ್ಯ ಬಿಡುತ್ತದೆ. ಸಿಗುವುದು ಅರ್ಧ ಮಿಲಿಲೀಟರ್ ಆಸುಪಾಸು. ಅದರಲ್ಲಿ ಗಟ್ಟಿ ಅಂಟಿನ ಹಾಗಿರುವ ಮುದ್ದೆ ಇದ್ದರೆ ತೆಗೆದುಹಾಕಬೇಕು. ಬಣ್ಣ ಹಾಲಿನಂತೆ ಬೆಳ್ಳಗಿರಬೇಕು. ಹಳದಿ ಕಂಡರೆ ಮೂತ್ರ ಸೇರಿದೆ, ಕೆಂಪು ಛಾಯೆ ಕಂಡರೆ ರಕ್ತ. ಎರಡನ್ನೂ ಚೆಲ್ಲಬೇಕು.

ಅಳತೆಯ ಲೆಕ್ಕ ಒಂದು ಸಲ ಮಾಡಿ ನೋಡೋಣ. ಒಂದು ಮಿಲಿಲೀಟರಿಗೆ 25 ಕೋಟಿ ವೀರ್ಯಾಣು ಇವೆ ಅಂದುಕೊಳ್ಳಿ, ಒಳ್ಳೆಯ ಗಂಡಿಗೆ ಇದು ಅತಿಶಯವಲ್ಲ. ಅರ್ಧ ಮಿಲಿಲೀಟರಿನಲ್ಲಿ ಹನ್ನೆರಡೂವರೆ ಕೋಟಿ. ಒಂದು ಹೆಣ್ಣಿಗೆ ಎರಡು ಕೋಟಿ ವೀರ್ಯಾಣುವಿನ ಡೋಸ್ ಎಂದರೆ ಆರು ಹೆಣ್ಣಿಗೆ ಸಾಕು. ಕಾಲು ಗಂಟೆ ಬಿಟ್ಟು ಎರಡನೆಯ ಸಲ ತೆಗೆದರೆ ಇನ್ನಾರು. ಯುರೋಪಿನಲ್ಲಿ ಇದಕ್ಕಿಂತ ತೆಳುವಾಗಿ, ಒಂದು ಕೋಟಿಯ ಹತ್ತಿರದ ಡೋಸಿನಲ್ಲೂ ಗಬ್ಬ ನಿಲ್ಲಿಸುತ್ತಾರೆ. ಅವರ ಗಂಡು, ಅವರ ಹವಾಮಾನ, ಅವರ ಲ್ಯಾಬು ಬೇರೆ. ನಮ್ಮಲ್ಲಿ ಕೈ ಬಿಗಿ ಹಿಡಿಯುವುದು ಬೇಡ.

ತೆಳುಮಾಡಿದ ವೀರ್ಯವನ್ನು 0.5 ಮಿಲಿಲೀಟರ್ ಡೋಸಿನಲ್ಲಿ ಕೊಳವೆಯಿಂದ ಒಳಗೆ ಬಿಟ್ಟು, ಕೂಡಲೇ ಹಾರ್ಮೋನ್ ಚುಚ್ಚುತ್ತಾರೆ. ಹಸುಗಳಿಗೆ ಬಳಸುವ ಬ್ಯುಸೆರೆಲಿನ್ ಔಷಧವೇ ಇಲ್ಲಿಯೂ ಬರುತ್ತದೆ, ಮೊಲಕ್ಕೆ 0.8 ಮೈಕ್ರೋಗ್ರಾಂನಷ್ಟು ಮಾತ್ರ. ಹಸುವಿನ ಡೋಸಿನ ಕಣ್ಣಳತೆಯಲ್ಲಿ ಹಾಕುವ ವಸ್ತುವಲ್ಲ. ಕೊಳವೆ ಹಾಕುವುದನ್ನೂ ಪಶುವೈದ್ಯರ ಕೈಯಲ್ಲೇ ಕಲಿಯಬೇಕು. ಒರಟಾಗಿ ಹಾಕಿದರೆ ಗೋಡೆಗೆ ಗಾಯ, ದಾರಿ ತಪ್ಪಿದರೆ ಮೂತ್ರಕೋಶ.

ತಾಜಾ ವೀರ್ಯವೋ, ಶೇಖರಿಸಿದ್ದೋ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ತಾಜಾ ವೀರ್ಯವೇ ಉತ್ತಮ. ಸರಿಯಾದ ದ್ರಾವಣದಲ್ಲಿ ಬೆರೆಸಿ 16ರಿಂದ 18 ಡಿಗ್ರಿಯಲ್ಲಿ ಇಟ್ಟರೆ ಒಂದು ದಿನ ನಂಬಬಹುದು. ಮನೆಯ ಫ್ರಿಜ್ಜು ಅದಕ್ಕಿಂತ ತುಂಬಾ ತಣ್ಣಗಿರುತ್ತದೆ. ಹೆಪ್ಪುಗಟ್ಟಿಸಿದ ವೀರ್ಯ ಹಸುವಿನಲ್ಲಿ ಗೆದ್ದಷ್ಟು ಮೊಲದಲ್ಲಿ ಗೆದ್ದಿಲ್ಲ. ಹೋರಿಯ ವೀರ್ಯವನ್ನು ಕಾಪಾಡುವ ಗ್ಲಿಸರಾಲ್ ಮೊಲದ ವೀರ್ಯಾಣುವಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಸಾಕಣೆದಾರರ ಮಟ್ಟಿಗೆ ಅದನ್ನು ಮರೆತುಬಿಡಬಹುದು. ಹಸು ಎಮ್ಮೆಗೆ ವೀರ್ಯ ತುಂಬಿದ ಸ್ಟ್ರಾ ಹಿಡಿದು ಮನೆ ಬಾಗಿಲಿಗೆ ಬರುವಂಥ ವ್ಯವಸ್ಥೆ ನಮ್ಮಲ್ಲಿ ಮೊಲಕ್ಕೆ ಇಲ್ಲ. ಅಂದಮೇಲೆ ಕೃತಕ ಗರ್ಭಧಾರಣೆ ಎಂದರೆ ನಿಮ್ಮದೇ ಗಂಡು, ನಿಮ್ಮದೇ ಪುಟ್ಟ ಲ್ಯಾಬು.

ಎಷ್ಟು ಹೆಣ್ಣಿಗೆ ಯಾವುದು

ನಮ್ಮ ಕಡೆ ಮೊಲ ಮಾರುವವರು ‘ಯೂನಿಟ್’ ಲೆಕ್ಕದಲ್ಲಿ ಮಾರುತ್ತಾರೆ: ಏಳು ಹೆಣ್ಣು, ಮೂರು ಗಂಡು. ಏಳು ಹೆಣ್ಣಿಗೆ ಎಷ್ಟು ಗಂಡು ಬೇಕು? 42 ದಿನದ ಸುತ್ತಿನಲ್ಲಿ, ನಾಲ್ಕಕ್ಕೆ ಮೂರು ಗಬ್ಬ ನಿಲ್ಲುತ್ತವೆ ಎಂದಿಟ್ಟುಕೊಂಡರೆ, ಒಂಬತ್ತು ಹತ್ತು ಸಲ ಬಿಡಬೇಕಾಗುತ್ತದೆ. ವಾರಕ್ಕೆ ಮೂರು ದಿನ ದುಡಿಯುವ ಒಂದು ಗಂಡು ಆರು ವಾರದಲ್ಲಿ ಹದಿನೆಂಟು ಸಲ ಸಿದ್ಧವಿರುತ್ತದೆ. ಒಂದು ಸಾಕು, ಎರಡನೆಯದು ಆಪತ್ತಿಗೆ ಇರಲಿ. ಮೂರನೆಯದು ನಿಮ್ಮ ಫೀಡು ತಿನ್ನುವ ನೆಂಟ. ಮಾರುವವರಿಗೆ ಗಂಡು ಮರಿ ಖಾಲಿಯಾಗಬೇಕು ಅನ್ನುವುದಕ್ಕಿಂತ ಬೇರೆ ಕಾರಣ ನನಗೆ ಕಂಡಿಲ್ಲ. ಆ ಮೂರೂ ಒಂದೇ ತಾಯಿಯ ಮಕ್ಕಳಾಗಿದ್ದರಂತೂ ಒಳಸಂಕರ ತಪ್ಪಿಸಲೂ ಉಪಯೋಗವಿಲ್ಲ. ಎರಡು ಗಂಡು, ಎರಡು ಬೇರೆಬೇರೆ ಕಡೆಯಿಂದ ತನ್ನಿ.

ಇಪ್ಪತ್ತರಿಂದ ಐವತ್ತು ಹೆಣ್ಣು ಇರುವವರು ಎಂಟು ಹತ್ತು ಹೆಣ್ಣಿಗೊಂದು ಗಂಡು ಎಂದು ಇಟ್ಟುಕೊಂಡು, ಮೇಲೊಂದು ಹೆಚ್ಚುವರಿ ಸಾಕಿದರೆ ಸಾಕು. ಐದು ಗಂಡಿನ ವರ್ಷದ ಮೇವಿನ ಖರ್ಚು, ಹಾರ್ಮೋನ್, ದ್ರಾವಣ, ಮೈಕ್ರೋಸ್ಕೋಪು, ಪಶುವೈದ್ಯರ ಓಡಾಟ ಇವುಗಳ ಮೊತ್ತಕ್ಕಿಂತ ಕಡಿಮೆಯೇ ಬರುತ್ತದೆ. ನೂರು ದಾಟಿದವರು, ಒಪ್ಪಂದದ ಮೇಲೆ ಒಂದೇ ತೂಕದ ಮರಿ ಒಟ್ಟಿಗೆ ಕೊಡಬೇಕಾದವರು, ಕೃತಕ ಗರ್ಭಧಾರಣೆಯ ಲೆಕ್ಕ ಹಾಕಬಹುದು. ಅವರಿಗೂ ಒಂದು ಷರತ್ತು: ವಾರಕ್ಕೊಮ್ಮೆ ತಪ್ಪದೆ ಗಂಡಿನ ವೀರ್ಯ ತೆಗೆಯುವ ಒಬ್ಬ ಖಾಯಂ ಮನುಷ್ಯ ಇರಬೇಕು. ದಿನಕ್ಕೊಬ್ಬ ಆಳು ಬದಲಾಗುವ ಫಾರ್ಮಿನಲ್ಲಿ ಇದು ನಡೆಯುವುದಿಲ್ಲ.

ಐವತ್ತರಿಂದ ನೂರರ ನಡುವಿನವರು ಬ್ಯಾಚ್ ಪದ್ಧತಿಯನ್ನು ಗಂಡಿಗೆ ಬಿಡುವುದರಲ್ಲೇ ಮಾಡಿ ನೋಡಬಹುದು. ಹೆಣ್ಣುಗಳನ್ನು ಮೂರು ಗುಂಪು ಮಾಡಿ, ಎರಡು ವಾರಕ್ಕೊಂದು ಗುಂಪನ್ನು ಬಿಟ್ಟರೆ ಕೆಲಸಕ್ಕೆ ಒಂದು ಕ್ರಮ ಬರುತ್ತದೆ.

ವೀರ್ಯ ಪರೀಕ್ಷೆಯೋ, ದಾಖಲೆ ಪುಸ್ತಕವೋ

ಮೈಕ್ರೋಸ್ಕೋಪಿನಡಿ ಒಳ್ಳೆಯ ವೀರ್ಯದ ಹನಿ ಸುಳಿಸುಳಿಯಾಗಿ ಅಲೆಯೇಳುತ್ತದೆ. ಸೊನ್ನೆಯಿಂದ ಐದರವರೆಗೆ ಅದಕ್ಕೆ ಅಂಕ ಕೊಡುತ್ತಾರೆ. ತೆಳುಮಾಡಿ ನೋಡಿದಾಗ ನೂರಕ್ಕೆ 70ರಷ್ಟಾದರೂ ಚಲಿಸುತ್ತಿದ್ದರೆ ಬಳಸಬಹುದು. ಬಾಲ ಸುರುಳಿ ಸುತ್ತಿದವು, ತಲೆ ಬೇರೆ ಬಾಲ ಬೇರೆ ಆದವು ಹೆಚ್ಚು ಕಂಡರೆ ಗಂಡು ಬಿಸಿಲಿಗೋ ಜ್ವರಕ್ಕೋ ಸಿಕ್ಕಿದ್ದಿರಬಹುದು. ಒಂದು ಎಚ್ಚರಿಕೆ: ಗಾಜಿನ ಸ್ಲೈಡು 37 ಡಿಗ್ರಿಗೆ ಬೆಚ್ಚಗಿರಬೇಕು. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ತಣ್ಣನೆಯ ಸ್ಲೈಡಿನ ಮೇಲೆ ಹಾಕಿದ ಹನಿಯಲ್ಲಿ ವೀರ್ಯಾಣುಗಳು ಥಂಡಿ ಹೊಡೆದು ನಿಂತೇಬಿಡುತ್ತವೆ. ಅದನ್ನು ನೋಡಿ ಒಳ್ಳೆಯ ಗಂಡನ್ನು ಮಾರಿಬಿಟ್ಟರೆ ನಷ್ಟ ಯಾರಿಗೆ?

ಪರೀಕ್ಷೆಯ ಮಿತಿ ಇಲ್ಲಿದೆ. ವೀರ್ಯ ಪರೀಕ್ಷೆ ತೀರಾ ಕೆಟ್ಟ ಗಂಡನ್ನು ಹಿಡಿದುಕೊಡುತ್ತದೆ. ಎರಡು ಚೆನ್ನಾಗಿರುವ ಗಂಡುಗಳಲ್ಲಿ ಯಾವುದು ಮೇಲು ಎಂದು ಹೇಳುವುದಿಲ್ಲ. ಒಂದರಲ್ಲಿ ಶೇ. 75 ಚಲನೆ, ಇನ್ನೊಂದರಲ್ಲಿ ಶೇ. 85 ಇದ್ದರೆ ಎರಡನೆಯದರಿಂದ ಹೆಚ್ಚು ಮರಿ ಹುಟ್ಟುತ್ತವೆ ಎಂಬ ಭರವಸೆ ಇಲ್ಲ. ವೀರ್ಯಾಣು ಸಾಕಷ್ಟಿದ್ದ ಮೇಲೆ ಫಲಿತಾಂಶ ನಿರ್ಧರಿಸುವುದು ಹೆಣ್ಣಿನ ಸ್ಥಿತಿ: ಅದು ಒಪ್ಪಿತ್ತೇ, ಹಾಲೂಡುತ್ತಿತ್ತೇ, ಮೈ ಕೈ ತುಂಬಿಕೊಂಡಿತ್ತೇ. ಅದರಲ್ಲೂ ಮೊದಲ ಸಲ ಮರಿ ಹಾಕಿ ಹಾಲೂಡುತ್ತಿರುವ ಹೆಣ್ಣು ಎಲ್ಲಕ್ಕಿಂತ ಹೆಚ್ಚು ಕೈಕೊಡುತ್ತದೆ. ಅದರ ಮೈ ಇನ್ನೂ ಬೆಳೆಯುತ್ತಿದೆ, ಹಾಲಿಗೂ ಕೊಡಬೇಕು, ತಿಂದದ್ದು ಎರಡಕ್ಕೂ ಸಾಲದು. ಆ ಹೆಣ್ಣಿನ ಸೋಲನ್ನು ಗಂಡಿನ ಲೆಕ್ಕಕ್ಕೆ ಬರೆಯಬೇಡಿ.

ದಾಖಲೆ ಪುಸ್ತಕಕ್ಕೆ ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು. ಪ್ರತಿ ಸಲ ಆರು ಅಂಶ ಬರೆಯಿರಿ: ದಿನಾಂಕ, ಹೆಣ್ಣಿನ ನಂಬರು, ಗಂಡಿನ ನಂಬರು, ಗಂಡು ಬಿತ್ತೇ ಇಲ್ಲವೇ, 12ರಿಂದ 14ನೇ ದಿನ ಹೊಟ್ಟೆ ಮುಟ್ಟಿ ನೋಡಿದ ಫಲಿತಾಂಶ, ಹುಟ್ಟಿದ ಮರಿ. ಹೊಟ್ಟೆ ಮುಟ್ಟಿ ನೋಡುವಾಗ ಬೆರಳಿಗೆ ಗೋಲಿಗಳ ಹಾಗೆ ಮೃದುವಾದ ಉಂಡೆಗಳು ಸಾಲಾಗಿ ಸಿಗುತ್ತವೆ. ಗಟ್ಟಿಯಾಗಿ, ಚಿಕ್ಕದಾಗಿ, ಮೇಲೆ ಬೆನ್ನಿನ ಕಡೆ ಸಿಗುವುದು ಹಿಕ್ಕೆ. ಒಂದೆರಡು ಬ್ಯಾಚು ತಡಕಿದರೆ ಕೈಗೆ ಗೊತ್ತಾಗುತ್ತದೆ. ಜೋರಾಗಿ ಒತ್ತಬಾರದು ಅಷ್ಟೇ.

ಈಗ ಓದುವ ರೀತಿ. ಒಂದು ಹೆಣ್ಣು ಎರಡು ಬೇರೆ ಗಂಡುಗಳಿಗೂ ನಿಲ್ಲದಿದ್ದರೆ ತೊಂದರೆ ಹೆಣ್ಣಿನದು. ಒಂದು ಗಂಡು ಬೇರೆಬೇರೆ ಹೆಣ್ಣುಗಳಲ್ಲಿ ಮತ್ತೆ ಮತ್ತೆ ಸೋತರೆ ಗಂಡಿನದು. ಎಲ್ಲ ಗಂಡುಗಳೂ ಒಂದೇ ತಿಂಗಳು ಸೋತರೆ ಶೆಡ್ಡಿನದು, ಎರಡು ತಿಂಗಳ ಹಿಂದಿನ ಬಿಸಿಲಿನದು. ಹತ್ತಕ್ಕೆ ಏಳು ನಿಲ್ಲಿಸಿದ ಗಂಡಿಗೂ ಎಂಟು ನಿಲ್ಲಿಸಿದ ಗಂಡಿಗೂ ವ್ಯತ್ಯಾಸವಿದೆ ಎಂದು ತಿಳಿಯಬೇಡಿ, ಅದು ಬರೀ ಅದೃಷ್ಟದಾಟ ಇರಬಹುದು. ಇಪ್ಪತ್ತು ಸಲದ ಲೆಕ್ಕ ಸೇರಲಿ, ಆಮೇಲೆ ತೀರ್ಮಾನ. ಹತ್ತಕ್ಕೆ ಮೂರೋ ನಾಲ್ಕೋ ಮಾತ್ರ ನಿಲ್ಲಿಸುವ ಗಂಡು ಕಂಡಾಗ, ಆಗ ವೀರ್ಯ ಪರೀಕ್ಷೆ ಮಾಡಿಸಿ. ಅಲ್ಲಿ ಅದಕ್ಕೆ ಕೊಟ್ಟ ದುಡ್ಡು ವಸೂಲಾಗುತ್ತದೆ.

ನನ್ನನ್ನು ಕೇಳಿದರೆ ಮೈಕ್ರೋಸ್ಕೋಪೂ ಪುಸ್ತಕವೂ ಎರಡರಲ್ಲಿ ಒಂದೇ ಸಿಗುವುದಾದರೆ ಕಣ್ಣು ಮುಚ್ಚಿ ಪುಸ್ತಕ ತಗೊಳ್ಳಿ.

ಗಂಡಿಗೆ ಎಷ್ಟು ದುಡಿಮೆ, ಎಷ್ಟು ಬಿಡುವು

ಎರಡು ತುದಿಯೂ ಕೆಡುಕೇ. ದಿನಾ ಬಿಟ್ಟರೆ ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ತಿಂಗಳುಗಟ್ಟಲೆ ಬಿಡದೆ ಕೂರಿಸಿದರೆ ಒಳಗೆ ಹಳೆಯವು, ಸತ್ತವು ತುಂಬಿಕೊಳ್ಳುತ್ತವೆ. ಗಂಡಿಗೆ ಬಿಡುವ ಪದ್ಧತಿಯಲ್ಲಿ ವಾರಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಲ. ವೀರ್ಯ ತೆಗೆಯುವ ಪದ್ಧತಿಯಲ್ಲಿ ವಾರಕ್ಕೊಂದು ದಿನ, ಆ ದಿನ ಎರಡು ಸಲ. ತಿಂಗಳಿನಿಂದ ಸುಮ್ಮನಿದ್ದ ಗಂಡಿನ ಮೊದಲ ವೀರ್ಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಮ್ಮೆ ಬಿಟ್ಟು, ಸ್ವಲ್ಪ ಹೊತ್ತು ಕಳೆದು ಮತ್ತೊಮ್ಮೆ ಅದೇ ಹೆಣ್ಣಿಗೆ ಬಿಡಿ.

ಬೆಳಕಿನ ವಿಷಯ ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ. ಗಂಡಿಗೆ ದಿನಕ್ಕೆ 16 ಗಂಟೆ ಬೆಳಕು ಸಿಕ್ಕರೆ ವೀರ್ಯ ಹೆಚ್ಚು, ಹೆಣ್ಣೂ ಚೆನ್ನಾಗಿ ಒಪ್ಪುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲೂ ಹಗಲು ಹದಿಮೂರು ಗಂಟೆಯ ಆಸುಪಾಸು ಅಷ್ಟೇ. ಸಂಜೆ ಮೂರ್ನಾಲ್ಕು ಗಂಟೆ ಒಂದು ಎಲ್ಇಡಿ ಟ್ಯೂಬು ಉರಿಸುವುದು ಇಡೀ ಪಟ್ಟಿಯಲ್ಲೇ ಅತಿ ಅಗ್ಗದ ಉಪಾಯ.

ಯಾವ ಗಂಡು

ತಳಿಯ ಆಯ್ಕೆ ನಮಗೆ ದೊಡ್ಡದಿಲ್ಲ: ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್, ಗ್ರೇ ಜೈಂಟ್, ನ್ಯೂಜಿಲೆಂಡ್ ವೈಟ್, ಕ್ಯಾಲಿಫೋರ್ನಿಯನ್. ತಮಿಳುನಾಡಿನ ಕೊಡೈಕನಾಲ್ ಬೆಟ್ಟದ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ವಲಯ ಕೇಂದ್ರವಿದೆ. ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ಮೇಲೆ ಅಲ್ಲಿ ಹಲವು ಕಾಲದಿಂದ ಕೆಲಸ ನಡೆದಿದೆ. ಆದರೆ ಅದು ತಂಪು ಬೆಟ್ಟ. ಅಂಥ ಕಡೆಯಿಂದ ಮಾರ್ಚ್‌ನಲ್ಲಿ ತಂದ ಗಂಡು ರಾಯಚೂರಿನ ಶೆಡ್ಡಿನಲ್ಲಿ ಆ ವರ್ಷ ನಿಮಗೆ ಮರಿ ಕೊಡುವ ಸಂಭವ ಕಡಿಮೆ. ಬಯಲುಸೀಮೆಯವರು ತಮ್ಮದೇ ಹವೆಯಲ್ಲಿ ಒಂದು ಬೇಸಿಗೆ ಕಂಡ ಗಂಡಿನ ಮರಿಯನ್ನು ಹುಡುಕುವುದು ಮೇಲು.

ದೊಡ್ಡ ಗಂಡಿಗೆ ದೊಡ್ಡ ಮರಿ ಎಂಬ ಆಸೆಗೆ ಅತಿ ಭಾರದ್ದನ್ನು ತರುವವರಿದ್ದಾರೆ. ಕೊಬ್ಬಿದ ಗಂಡು ಬಿಸಿಲಿಗೆ ಬೇಗ ಸೋಲುತ್ತದೆ, ಹತ್ತಲು ಸೋಮಾರಿತನ ಮಾಡುತ್ತದೆ, ತಂತಿಯ ನೆಲದ ಮೇಲೆ ಹಿಂಗಾಲಿನ ಪಾದ ಹುಣ್ಣಾಗುತ್ತದೆ. ಪಾದ ನೋಯುವ ಗಂಡಿನ ವೀರ್ಯ ಎಷ್ಟು ಚೆನ್ನಾಗಿದ್ದರೇನು? ಕೇಜಿನಲ್ಲಿ ಕೂರಲು ಒಂದು ಹಲಗೆ ತುಂಡು ಹಾಕಿ.

ವಯಸ್ಸಿನಲ್ಲಿ ಆತುರ ಬೇಡ. ನಾಲ್ಕೈದು ತಿಂಗಳಿಗೇ ಗಂಡು ಹತ್ತಲು ಶುರು ಮಾಡುತ್ತದೆ, ವೀರ್ಯ ಪೂರ್ಣ ಪ್ರಮಾಣಕ್ಕೆ ಬರುವುದು ಏಳೆಂಟು ತಿಂಗಳಿಗೆ. ಆರು ತಿಂಗಳಿಗೆ ಶುರು ಮಾಡಿ, ಮೊದಲೆರಡು ತಿಂಗಳು ವಾರಕ್ಕೊಮ್ಮೆ ಮಾತ್ರ. ಕೊಳ್ಳುವಾಗ ಎರಡೂ ವೃಷಣ ಕೆಳಗಿಳಿದಿವೆಯೇ, ಗಾತ್ರ ಸಮ ಇದೆಯೇ ನೋಡಿ. ಹೆದರಿದ ಮೊಲ ಅವನ್ನು ಒಳಗೆಳೆದುಕೊಳ್ಳುತ್ತದೆ. ಒಂದು ನಿಮಿಷ ಮಡಿಲಲ್ಲಿ ಸುಮ್ಮನೆ ಹಿಡಿದು, ಆಮೇಲೆ ನೋಡಿ ತೀರ್ಮಾನ ಮಾಡಿ.

ಮೇವಿನಲ್ಲಿ ಮೂರು ವಸ್ತು ಗಂಡಿನಿಂದ ದೂರವಿಡಿ. ದನಕ್ಕೆ ಹಾಕುವ ಹತ್ತಿಕಾಳಿನ ಹಿಂಡಿ ಒಂದು. ಅದರಲ್ಲಿರುವ ಗಾಸಿಪಾಲ್ ವೀರ್ಯಾಣು ಉತ್ಪತ್ತಿಯನ್ನೇ ಕುಗ್ಗಿಸುತ್ತದೆ, ಮೆಲುಕು ಹಾಕುವ ದನದಂತೆ ಮೊಲ ಅದನ್ನು ಅರಗಿಸಿಕೊಳ್ಳಲಾರದು. ಬೂಸ್ಟು ಹಿಡಿದ ಶೇಂಗಾ ಹಿಂಡಿ ಇನ್ನೊಂದು, ಆ ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್‌ಗೆ ಮೊಲ ಬೇಗ ಬಲಿಯಾಗುತ್ತದೆ. ಸುಬಾಬುಲ್ ಸೊಪ್ಪು ಬಿಟ್ಟಿ ಸಿಗುತ್ತದೆಂದು ದಿನವೂ ಹಾಕುವವರು ಕೂದಲುದುರುವುದನ್ನು ಕಂಡಿರುತ್ತಾರೆ. ಅದರ ಮಿಮೋಸಿನ್ ಸಂತಾನಶಕ್ತಿಗೂ ಒಳ್ಳೆಯದಲ್ಲ. ಹಿಪ್ಪುನೇರಳೆ ಸೊಪ್ಪು, ಕುದುರೆ ಮಸಾಲೆ (ಲೂಸರ್ನ್), ಹಲಸಿನ ಎಲೆ ಇವೆಯಲ್ಲ.

ಬಿಸಿಲಿಗೆ ಏನು ಮಾಡುವುದು

ಮೊಲಕ್ಕೆ ಹಿತವಾದದ್ದು 15ರಿಂದ 25 ಡಿಗ್ರಿ. 30 ದಾಟಿದರೆ ಗಂಡಿನ ವೀರ್ಯಕ್ಕೆ ಪೆಟ್ಟು ಬೀಳಲು ಶುರು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ 40 ದಾಟುವುದು ಮಾಮೂಲಿ ಎಂದ ಮೇಲೆ ಅಲ್ಲಿ ಗಂಡು ಮೊಲ ಉಳಿಯುವುದೇ ಹೆಚ್ಚು.

ಒಣಸೀಮೆಗೂ ಕರಾವಳಿಗೂ ಮದ್ದು ಬೇರೆ. ಬಳ್ಳಾರಿ, ರಾಯಚೂರಿನ ಒಣ ಗಾಳಿಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ ಫ್ಯಾನು ಹಾಕಿದರೆ ಶೆಡ್ಡು ಚೆನ್ನಾಗಿ ತಣಿಯುತ್ತದೆ. ಮಂಗಳೂರು, ಉಡುಪಿಯ ಏಪ್ರಿಲ್‌ನಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ನೀರು ಆರುವುದಿಲ್ಲ, ತಣಿಯುವುದೂ ಇಲ್ಲ. ಅಲ್ಲಿ ಗಾಳಿಯಾಡುವಿಕೆ, ಎತ್ತರದ ಹೆಂಚಿನ ಚಾವಣಿ, ಮರದ ನೆರಳು ಇವೇ ಗತಿ. ನೀರು ಸಿಂಪಡಿಸುವ ಫಾಗರ್ ಅಲ್ಲಿ ಹಾಕಿದರೆ ಮೈ ಒದ್ದೆ, ನೆಲ ಒದ್ದೆ, ಮೂತ್ರದ ಘಾಟು ಹೆಚ್ಚಿ ಮೂಗಿನ ಕಾಯಿಲೆ. ಎರಡೂ ಕಡೆ ನಡೆಯುವಂಥದ್ದು ಶೀಟಿನ ಮೇಲೆ ಸುಣ್ಣ ಬಳಿದು ತೆಂಗಿನ ಗರಿ ಹೊದಿಸುವುದು, ಮತ್ತು ಒಂದು ಲೀಟರ್ ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ಮಧ್ಯಾಹ್ನ ಗಂಡಿನ ಕೇಜಿನಲ್ಲಿ ಮಲಗಿಸುವುದು. ಗಂಡು ಅದಕ್ಕೊರಗಿ ಕಿವಿ ಆನಿಸಿಕೊಂಡು ಮಲಗುತ್ತದೆ. ಎಲ್ಲ ಹೆಣ್ಣಿಗೂ ಬಾಟಲಿ ಹೊಂದಿಸಲಾಗದಿದ್ದರೆ ಗಂಡುಗಳಿಗೆ ಮತ್ತು ತುಂಬು ಗಬ್ಬದವಕ್ಕೆ ಮೊದಲು ಕೊಡಿ. ಬೇಸಿಗೆಯಲ್ಲಿ ಗಂಡಿಗೆ ಬಿಡುವುದು ಬೆಳಗಿನ ಆರಕ್ಕೆ ಮುಂಚೆ.

ಗಂಡು ಒಮ್ಮೆ ಬಿಸಿಲಿಗೆ ಸಿಕ್ಕಿ ಏದುಸಿರು ಬಿಟ್ಟ ದಿನವನ್ನು ಪುಸ್ತಕದಲ್ಲಿ ಬರೆದಿಟ್ಟು, ಅಲ್ಲಿಂದ ಎಂಟು ವಾರ ಎಣಿಸಿ. ಮೇ 5ರಂದು ಪೆಟ್ಟು ಬಿದ್ದಿದ್ದರೆ ಜುಲೈ ಮೊದಲ ವಾರದವರೆಗೆ ಆ ಗಂಡನ್ನು ನಂಬಬೇಡಿ. ಆದರೆ ಪೂರ್ತಿ ಸುಮ್ಮನೆ ಕೂರಿಸಲೂಬಾರದು. ವಾರಕ್ಕೊಮ್ಮೆ, ಮಾರಿಬಿಡಲು ತೆಗೆದಿಟ್ಟ ಹೆಣ್ಣಿಗೆ ಬಿಟ್ಟು ಹಳೆಯ ವೀರ್ಯ ಖಾಲಿ ಮಾಡಿಸುತ್ತಿರಿ.

ಹೆತ್ತ ಮೇಲೆ ಮತ್ತೆ ಯಾವಾಗ

ಹೆತ್ತ ಒಂದೆರಡು ದಿನದಲ್ಲೇ ಬಿಟ್ಟರೆ ಹೆಣ್ಣು ಒಪ್ಪುತ್ತದೆ, ಮರಿಯ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಹೆಣ್ಣು ವರ್ಷ ತಾಳುವುದಿಲ್ಲ. ಮರಿ ಬಿಡಿಸಿದ ಮೇಲೆ ಬಿಡುವುದು ಅತಿ ಸುರಕ್ಷಿತ, ಆದರೆ ವರ್ಷಕ್ಕೆ ಐದಾರು ಸೂಲಿಗೆ ನಿಲ್ಲಬೇಕು. 11ನೇ ದಿನದ ಪದ್ಧತಿಗೆ ಪೆಲೆಟ್ ಫೀಡು ಕೊಡುವ ಶಕ್ತಿ ಬೇಕು. ಬರೀ ಸೊಪ್ಪು, ಹೊಟ್ಟಿನ ಮೇಲೆ ಸಾಕುವವರಿಗೆ ಅದು ಹೊಂದುವುದಿಲ್ಲ. ಹೆಚ್ಚಿನ ಮನೆಮಟ್ಟದ ಸಾಕಣೆಗೆ 18ರಿಂದ 25ನೇ ದಿನದ ನಡುವೆ ಬಿಡುವುದು ನಡುದಾರಿ. ಹಾಲೂಡುವ ಹೆಣ್ಣು ಒಪ್ಪದಿದ್ದರೆ ಹಿಂದಿನ ದಿನದಿಂದ ಗೂಡುಪೆಟ್ಟಿಗೆಯ ಬಾಗಿಲು ಮುಚ್ಚಿ ಮರಿಗಳನ್ನು ಒಂದು ದಿನ ಬೇರೆಯಿಡುವುದು ಯುರೋಪಿನಲ್ಲಿ ಹಾರ್ಮೋನಿಗೆ ಬದಲಾಗಿ ಬಳಸುವ ಉಪಾಯ. ಮೊಲ ಹೇಗೂ ದಿನಕ್ಕೊಂದೇ ಸಲ ಹಾಲೂಡುವುದರಿಂದ ಮರಿಗಳು ತಡೆದುಕೊಳ್ಳುತ್ತವೆ.

ಹೊಸ ಗಂಡು ತರುವವರು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮೂರು ತಿಂಗಳ ಮರಿ ತಂದು ಮೂರು ವಾರ ಬೇರೆ ಕಡೆ ಇಟ್ಟು ನೋಡಿ, ಆಮೇಲೆ ಶೆಡ್ಡಿಗೆ ಸೇರಿಸಲಿ. ಅದು ಜನವರಿಗೆ ಕೆಲಸಕ್ಕೆ ಬರುತ್ತದೆ, ಬೇಸಿಗೆಗೆ ಮುಂಚೆ ಒಂದೆರಡು ಸೂಲಿನ ದಾಖಲೆ ಕೈಗೆ ಸಿಗುತ್ತದೆ, ಹಳೆಯ ಗಂಡನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನು ಫೆಬ್ರವರಿಯಲ್ಲೇ ತೀರ್ಮಾನಿಸಬಹುದು.